ಸಿಳ್ಳೆ ಹಾಕಿದವರ ಬಾಗಿಲು

ತುರ್ಕು, ಸೋಮವಾರ

ಪ್ರೀತಿಯ ಐಲಿ ಅವರಿಗೆ,

ನೀವು ನಿವೃತ್ತರಾಗಿ ನಿಮ್ಮ ಜಾಗಕ್ಕೆ ನಾನು ಬಂದಿದ್ದರೂ ರಂಗಮಂದಿರದಲ್ಲಿ ನನ್ನನ್ನು ನಿರ್ದೇಶಕಿ ಎನ್ನಲು ಎಲ್ಲರೂ ತಡವರಿಸುತ್ತಾರೆ, ನಾನೂ ಅಷ್ಟೇ. ಅದಕ್ಕೇ ಏನೋ, ನಗರಸಭೆಯವರು ನಮಗೆಲ್ಲ ತಂಡ ನಡೆಸುವ ತರಬೇತಿ ಕೊಡಿಸಿದರು. ತರಬೇತುದಾರ ಯಾನ್ನೆ ಒಳ್ಳೆಯವನೇ, ಆದರೆ ನಾಟಕದವನಲ್ಲ. ನಮ್ಮನ್ನು ರಂಗದ ಮೇಲೆ ಸಾಲಾಗಿ ನಿಲ್ಲಿಸಿ, ಶುರುಮಾಡಲೆಂದು ಜೋರಾಗಿ ಸಿಳ್ಳೆ ಹಾಕಿಬಿಟ್ಟ.

ರಂಗದ ಮೇಲೆ ಸಿಳ್ಳೆ! ಅಂಥ ಅಪಶಕುನ ಇನ್ನೊಂದಿಲ್ಲವಲ್ಲ. ಎಲ್ಲರೂ ನೀವು ಕೂರುತ್ತಿದ್ದ ಐದನೇ ಸಾಲಿನ ಕಡೆ ತಿರುಗಿದರು. ಕುರ್ಚಿ ಖಾಲಿ. ರಂಗದ ದೀಪ ನೋಡಿಕೊಳ್ಳುವ ಟೊಯಿವೊ ನನ್ನನ್ನು ತಿವಿದ: "ಅಲ್ಲೇನಮ್ಮ ನೋಡ್ತೀಯ? ಈಗ ನೀನೇ ಕೂಗ್ಬೇಕು."

ನಿಮ್ಮದೇ ಧಾಟಿಯಲ್ಲಿ ಕೂಗಿದೆ: "ಆಚೆ ನಡಿ! ಮೂರು ಸುತ್ತು ತಿರುಗಿ, ಬಾಗಿಲು ತಟ್ಟು!"

ಪಾಪ, ಹೋದ, ತಿರುಗಿದ, ತಟ್ಟಿದ. ಬಾಗಿಲು ತೆರೆದೆ. ಆಗ ನೀವು ತಪ್ಪು ಮಾಡಿದವರ ಕಿವಿಯಲ್ಲಿ ಏನೋ ಹೇಳುತ್ತಿದ್ದಿರಲ್ಲ, ಅವರು ನಗುತ್ತಾ ಕಣ್ಣೊರೆಸಿಕೊಂಡು ಒಳಗೆ ಬರುತ್ತಿದ್ದರಲ್ಲ, ಆ ಮಾತು ನನಗೆ ಗೊತ್ತಿಲ್ಲ. ಹಿಂದೊಮ್ಮೆ ಸಿಳ್ಳೆ ಹಾಕಿ ನಿಮ್ಮ ಕೈಗೆ ಸಿಕ್ಕಿಬಿದ್ದಿದ್ದ ಟೊಯಿವೊನನ್ನು ಕೇಳಿದರೆ, "ಅದು ಅವ್ರಿಗೂ ನಂಗೂ ಬಿಟ್ಟಿದ್ದು" ಅಂದ. ನಾನು ಆ ಮಾತಿನ ಬದಲು ಯಾನ್ನೆಯ ಕೈಗೆ ಒಂದು ಏಲಕ್ಕಿ ಬನ್ ಕೊಟ್ಟೆ.

ಇಷ್ಟು ವರ್ಷ ನಿಮ್ಮ ಒಂದು ನಿಯಮವನ್ನೂ ಮುರಿಯದ ಜಾಣೆ ನಾನು, ಅದಕ್ಕೇ ಆ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಅದೇನು ಹೇಳುತ್ತಿದ್ದಿರಿ ಎಂದು ದಯವಿಟ್ಟು ಬರೆದು ಕಳಿಸಿ. ಬರೆಯುವಂಥದ್ದಲ್ಲ ಎನಿಸಿದರೆ ಶುಕ್ರವಾರ ತಾಲೀಮಿಗೆ ಬನ್ನಿ. ನೀವು ಬಾಗಿಲ ಒಳಗೆ ನಿಂತಿರಿ.

ಸಿಳ್ಳೆ ನಾನು ಹಾಕುತ್ತೇನೆ.

ನಿಮ್ಮ
ಹೆಲ್ವಿ