ದಿನಕ್ಕೊಂದು ಬಿರುದು

ಜೂನ್ 3, ಸಂಜೆ 5
ಎಂದಿನಂತೆ ಸಭೆ ಸೇರಿತು. ಆಸ್ಥಾನ — ಒಲೆಕಟ್ಟೆಯ ಮುಂದಿನ ಚಾಪೆ. ಸಿಂಹಾಸನ — ಬೋರಲು ಹಾಕಿದ ಬಕೆಟ್. ಅದರ ಮೇಲೆ ಅಮ್ಮನ ಫೋನ್, ಗಾಜು ಬಿರುಕು. ಸಭಿಕರು — ಅಕ್ಕ, ನಾನು. ‘ಅವಕಾಶವಂಚಿತರಿಗೆ ಉಚಿತ ಆನ್‌ಲೈನ್ ಚಿತ್ರಕಲೆ’. ಅವಕಾಶವಂಚಿತರೆಂದರೆ ನಾವೇ ಅಂತೆ. ಇಷ್ಟು ದೊಡ್ಡ ಪದ ಮನೆಗೆ ಬಂದದ್ದು ಇದೇ ಮೊದಲು. ಕೂರಿಸಲು ಜಾಗವಿಲ್ಲ.

ಲಿಂಕ್ ಒತ್ತಿದಾಗಲೆಲ್ಲ ಹೆಸರು ಕೇಳುತ್ತದೆ. ಅಕ್ಕನ ಕೈತುಂಬ ಮಸಿ, ಟೈಪ್ ಮಾಡುವ ಮಹತ್ಕಾರ್ಯ ನನ್ನದು. ನಿನ್ನೆ ‘ಬಕೆಟ್ ಚಕ್ರವರ್ತಿನಿ’. ಇಂದು ‘ಇಸ್ತ್ರಿ ಮಹಾರಾಣಿ’.
“ಸುಮ್ನೆ ನನ್ನ ಹೆಸ್ರು ಹಾಕೇ, ಕೋತಿ.”
“ಬಿರುದು ದಯಪಾಲಿಸಿದ್ದೇವೆ. ತಲೆಬಾಗಿ ಸ್ವೀಕರಿಸತಕ್ಕದ್ದು.”
ನಕ್ಕಳು. ದಿನವಿಡೀ ಇಸ್ತ್ರಿ ಅಂಗಡಿಯಲ್ಲಿ ನಿಂತು ಬಂದವಳು ನಗುವುದೇ ಅಪರೂಪ.

ಜೂನ್ 11
ಕ್ಯಾಮೆರಾ ಆಫ್ — ಆನ್ ಮಾಡಿದರೆ ಅರ್ಧ ಗಂಟೆಗೇ ನೆಟ್ ಖಾಲಿ. ಅಕ್ಕ ಇದ್ದಿಲಲ್ಲಿ ಬಿಡಿಸಿದ ಚಿತ್ರದ ಫೋಟೊ ಮಾತ್ರ ಕಳಿಸಿದೆ. ಮಡಿಸಿಟ್ಟ ಅಂಗಿಗಳ ರಾಶಿ. ಒಂದೊಂದು ಕಾಲರ್ ನೋಡಿದರೂ ಅದರ ಯಜಮಾನನೇ ಎದುರು ಕೂತಂತೆ. ಮುನ್ನೂರು ಜನರ ತರಗತಿಯಲ್ಲಿ ಮೇಷ್ಟ್ರು ಐದು ನಿಮಿಷ ಅದನ್ನೇ ನೋಡಿ, ಇಂದಿನ ಬಿರುದು ಓದಿ ಕರೆದರು.
“ಮಸಿವಂಶದ ಯುವರಾಣಿಯವರೇ, ಇದ್ದಿಲು ಯಾವ ಕಂಪನಿದು?”
“ಇಸ್ತ್ರಿಪೆಟ್ಟಿಗೆ ಕಂಪನಿದು ಸರ್,” ಎಂದೆ. ಅಕ್ಕ ಚಿವುಟಿದಳು.

ಕೊನೆಗೆ ಘೋಷಣೆ — ಮುಂದಿನ ಹಂತಕ್ಕೆ ಹನ್ನೆರಡು ಜನರ ಆಯ್ಕೆ, ಪಟ್ಟಿ ತಿಂಗಳ ಕೊನೆಗೆ. ವರ್ಷವಿಡೀ ಮಧ್ಯಾಹ್ನದ ಪಾಠ, ಮನೆಗೇ ಟ್ಯಾಬ್. ಫೋನ್ ಆಫ್ ಆದ ಮೇಲೂ ಅಕ್ಕ ಅದನ್ನೇ ನೋಡುತ್ತಿದ್ದಳು.

ಜೂನ್ 19
ಅಕ್ಕ ಅಂಗಡಿಯಲ್ಲಿ ಹೇಳಿಬಿಟ್ಟಿದ್ದಾಳೆ, ಮುಂದಿನ ತಿಂಗಳಿಂದ ಮಧ್ಯಾಹ್ನ ಬರಲ್ಲ ಅಂತ. ಯಜಮಾನರು ಬೇರೊಬ್ಬಳನ್ನು ಗೊತ್ತು ಮಾಡಿಯೂ ಆಯಿತು.
ಅಮ್ಮ: “ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ತಾಳೆ.”
ನಾನು: “ಕೂಸು ಹುಟ್ಟಾಯ್ತು ತಾಯೇ, ಹೆಸರಿಡೋದೊಂದು ಬಾಕಿ.”

ಜೂನ್ 27, ಮಧ್ಯಾಹ್ನ
ಪಟ್ಟಿ ಬಂತು. ಮೂರು ಸಲ ನೋಡಿದೆ. ಇಲ್ಲ.
ಮೇಷ್ಟ್ರಿಗೆ ಫೋನ್ ಮಾಡಿದೆ.
“ಯುವರಾಣಿನಾ? ನಾನೇ ಹುಡುಕಿಸ್ದೆ ಕಣಮ್ಮ. ಆ ಹೆಸ್ರಿನವರು ಬಂದಿದ್ದು ಒಂದೇ ದಿನ. ಹದಿನೈದು ದಿನದ ಹಾಜರಿ ಬೇಕು.”
“ಅಕ್ಕ ದಿನಾ ಬಂದಿದ್ದಾಳೆ ಸರ್. ಹೆಸ್ರು ಮಾತ್ರ... ನಾನೇ ತಮಾಷೆಗೆ...”

“ಹಾಜರಿ ನೋಡೋದು ಕಂಪ್ಯೂಟರ್. ಪಟ್ಟಿ ಮೇಲಿನವರಿಗೆ ಹೋಗಾಯ್ತು. ನನ್ ಕೈಲಿ ಏನೂ ಇಲ್ಲ ಪುಟ್ಟಾ.”
ಇಪ್ಪತ್ತೊಂದು ಬಿರುದು. ಅಂದರೆ ಅವರ ಪಾಲಿಗೆ ಇಪ್ಪತ್ತೊಂದು ಜನ — ಒಂದೊಂದು ದಿನ ಬಂದು ಬಿಟ್ಟುಹೋದವರು. ಅಕ್ಕ ಬಂದೇ ಇಲ್ಲ.

ಜೂನ್ 28
ಹೇಳಲಿಲ್ಲ. ಪಟ್ಟಿ ತಡವಂತೆ ಎಂದೆ. ಅಕ್ಕ ಟ್ಯಾಬ್ ಇಡಲು ಗೋಡೆಯ ಗೂಡು ಖಾಲಿ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಎರಡು ಸಲ.

ಜೂನ್ 30, ಸಂಜೆ
ಕೊನೆಯ ತರಗತಿ ಇತ್ತು. ಬಕೆಟ್. ಚಾಪೆ. ಫೋನ್.
“ಇವತ್ತೇನು ಬಿರುದು, ಮಹಾಮಂತ್ರಿಗಳೇ?”
ಅಕ್ಕನ ಹೆಸರು ಟೈಪ್ ಮಾಡಿದೆ. ಅಪ್ಪ ಇಟ್ಟದ್ದು. ಬರೀ ಅದೇ.
ಪರದೆಯ ಮೇಲೆ ಬಂತು — ‘ಸ್ವಾಗತ! ಇದು ನಿಮ್ಮ ಮೊದಲ ತರಗತಿ.’
ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.
“ಮೊದಲನೇದಾ? ಯಾಕೇ ಹಾಗಂತಿದೆ?”
“ಅಕ್ಕಾ, ಪಟ್ಟಿ ಬಂದಾಯ್ತು,” ಎಂದೆ.