ಕ್ಷೇಮದ ಸಾಲು

22-9-61, ಶುಕ್ರವಾರ

ಎಂದಿನಂತೆ ಕುಂಬ್ರದ ಅಂಚೆ ಕಚೇರಿಯ ಜಗಲಿ. ನಾಲ್ಕು ಕಾಗದ ಓದಿ ಹೇಳಿದೆ, ಮೂರು ಬರೆದುಕೊಟ್ಟೆ. ಊರಿನ ಗುಟ್ಟೆಲ್ಲ ತಿಳಿಯಲು ರಿಟೈರಾದ ಇಂಗ್ಲಿಷ್ ಮಾಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗವಿಲ್ಲ.

ಐದನೆಯದು ಅಲೀಮಮ್ಮನದು. ಮಗ ಕಾಸಿಂ ಹಡಗಿನಲ್ಲಿ ಅಡುಗೆಯವ. ಅಕ್ಷರ ಬಾರದು, ಯಾರಿಂದಲೋ ಬರೆಸುತ್ತಾನೆ. ಆರು ತಿಂಗಳ ಮೇಲೆ ಬಂದ ಕಾಗದ. ಬಿಡಿಸಿದರೆ — ಜರ್ಮನ್!

"ನಿಮಗೆ ಬರ್ತದಲ್ಲ ಮಾಷ್ಟ್ರೇ? ಯುದ್ಧದ ಟೈಮಿನಲ್ಲಿ ಹೋಟೆಲಿನಲ್ಲಿ ಜರ್ಮನ್ ಭಾಷಣ ಬಿಡ್ತಿದ್ರಲ್ಲ?" ಅಲೀಮಮ್ಮ ಕೇಳಿದರು.

ಬಿಡುತ್ತಿದ್ದದ್ದು ನಿಜ. ಗಂಟಲಿನಲ್ಲಿ ಕಫ ಕಟ್ಟಿದವನಂತೆ ಸದ್ದು ಮಾಡಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಗೊತ್ತಿದ್ದ ಜರ್ಮನ್ ಎಂದರೆ ಅಡುಗೆಮನೆಯ ಜರ್ಮನ್ ಪಾತ್ರೆ ಮಾತ್ರ.

ಜಗಲಿ ತುಂಬ ಜನ. ಬಾಯಿ ತನ್ನಷ್ಟಕ್ಕೆ ತೆರೆಯಿತು. ಕಾಗದ ಓದುವಾಗ ಮೊದಲು ಕ್ಷೇಮದ ಸಾಲು, ಬರೆದಿರಲಿ ಬಿಡಲಿ. ಅದಿಲ್ಲದೆ ಶುರುವಾದರೆ ಕೆಟ್ಟ ಸುದ್ದಿ ಎಂದು ಮಕ್ಕಳಿಗೂ ಗೊತ್ತು. "ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು..." ಓದಿಯೇಬಿಟ್ಟೆ. ನಡುವೆ 25-10 ಎಂದು ಕಂಡಿತು. ಅಂಕಿಗೆ ಭಾಷೆ ಬೇಡವಲ್ಲ.

"ಅಕ್ಟೋಬರ್ ಇಪ್ಪತ್ತೈದಕ್ಕೆ ನಿಮಗೊಂದು ಶಾಲು ಕಳಿಸ್ತಾನಂತೆ."

ಅಲೀಮಮ್ಮ ಅಲ್ಲೇ ಕಣ್ಣೊರೆಸಿಕೊಂಡರು. ಜವಾಬು ಬರೆಯಲು ಬೇಕು ಎಂದು ಹೇಳಿ ಕಾಗದ ನಾನೇ ಇಟ್ಟುಕೊಂಡೆ.

23-9-61

ಅಟ್ಟದಿಂದ ಹಳೇ ಪುಸ್ತಕ ಇಳಿಸಿದೆ. ಮದ್ರಾಸಿನ ಫುಟ್‌ಪಾತಿನಲ್ಲಿ ಕೊಂಡದ್ದು. ಪ್ರವಾಸ ಹೋಗುವ ಇಂಗ್ಲಿಷರಿಗೆ ಜರ್ಮನ್. ಅರ್ಧ ಗೆದ್ದಲಿನ ಪಾಲು, ಅರ್ಧ ನನ್ನ ಪಾಲು.

ಹೆಂಡತಿ ಪಂಕಜಾಕ್ಷಿ ಬಾಗಿಲಲ್ಲಿ ನಿಂತಿದ್ದಳು. "ಹೋಗಿ ನಿಜ ಹೇಳಿ ಬನ್ನಿ. ಮಂಗಳೂರಿನಲ್ಲಿ ಜರ್ಮನ್ ಓದುವ ಪಾದ್ರಿಗಳು ಇದ್ದಾರಲ್ಲ, ಅವರಿಗೆ ಕಳಿಸಿ."

"ಒಂದು ವಾರ ಕೊಡು ಮಾರಾಯ್ತಿ. ನಾನೇ ಓದ್ತೇನೆ."

"ಮಾಷ್ಟ್ರು ಅಲ್ಲ ನೀವು, ಮೋಸ್ಟ್ರು."

ನನ್ನಿಂದಲೇ ಕಲಿತ ವಿದ್ಯೆ.

2-10-61

'ಕೂಲಿ, ನನ್ನ ಪೆಟ್ಟಿಗೆ ಎಲ್ಲಿ?' ಬಂತು. 'ಈ ಹಾಸಿಗೆ ಒದ್ದೆಯಾಗಿದೆ' ಬಂತು. ಕ್ಷೌರದಂಗಡಿಯ ಪಾಠ ಪೂರ್ತಿ ಬಾಯಿಪಾಠ. ಕಾಗದದಲ್ಲಿ ಪೆಟ್ಟಿಗೆಯೂ ಇಲ್ಲ, ಕ್ಷೌರವೂ ಇಲ್ಲ. ಕೈಬರಹ ಬೇರೆ — ಇರುವೆ ಶಾಯಿಯಲ್ಲಿ ಬಿದ್ದು ಎದ್ದು ನಡೆದಂತೆ. ದಿನಕ್ಕೆ ಒಂದು ಪದ ಬಿಡಿಸಿದರೆ ಹೆಚ್ಚು.

11-10-61

ಒಂದು ಪದ ಮೂರು ಸಲ ಬಂದಿದೆ. ಕ್ರಾಂಕೆನ್‌ಹೌಸ್. ಇವತ್ತು ಪುಸ್ತಕದ ಕೊನೆಯಲ್ಲಿ, ಬೀದಿ ಬೋರ್ಡುಗಳ ಪಟ್ಟಿಯಲ್ಲಿ ಸಿಕ್ಕಿತು.

ಆಸ್ಪತ್ರೆ.

ಹೇಳಿಬಿಡೋಣವೆಂದು ಹೊರಟೆ. ಅಲೀಮಮ್ಮ ಅಂಗಳದಲ್ಲಿ ನೆರೆಯವರಿಗೆ ಶಾಲಿನ ಕಥೆ ಹೇಳುತ್ತಿದ್ದರು. ಬೇಲಿಯ ಹತ್ತಿರದಿಂದಲೇ ಹಿಂದೆ ಬಂದೆ. ಪೂರ್ತಿ ತಿಳಿಯದೆ ಏನು ಹೇಳುವುದು? ನಾಳೆ ಇನ್ನೊಂದು ಪದ ಬಿಡಿಸುತ್ತೇನೆ... ಹೀಗೆಂದು ನನಗೆ ನಾನೇ.

ಮಂಗಳೂರಿಗೆ ಕಳಿಸಲಿಲ್ಲ.

26-10-61

"ಮಾಷ್ಟ್ರೇ, ಪಾರ್ಸೆಲ್ ಬಂತಾ?"

"ದೂರದ ಊರಲ್ಲವಾ ಅಲೀಮಮ್ಮ."

"ಪರ್ವಾಗಿಲ್ಲ. ಅವ ಕ್ಷೇಮ ಇದ್ದಾನಲ್ಲ, ಸಾಕು."

28-10-61

ಇವತ್ತೂ ಬಂದರು. ಜಗಲಿಯಲ್ಲಿ ಕುಳಿತು ಪೋಸ್ಟ್‌ಮ್ಯಾನಿನ ಚೀಲವನ್ನೇ ನೋಡುತ್ತಿದ್ದರು.

1-11-61

ಸುಬ್ರಹ್ಮಣ್ಯದ ಲಾಡ್ಜಿನಲ್ಲಿ ಚಿಟ್ಟೆಯ ಫೋಟೋ ತೆಗೆಯುವ ಜರ್ಮನ್ ಹೆಂಗಸು ಇದ್ದಾಳೆಂದು ಬಸ್ಸಿನ ಕಂಡಕ್ಟರ್ ಸುಂದರ ಹೇಳಿದ್ದ. ಬೆಳಗ್ಗಿನ ಬಸ್ಸಿಗೆ ಹೊರಟೆ. ಕಡಬದವರೆಗೂ ಬಾಯಿಯೊಳಗೆ ಜರ್ಮನ್ ಅಭ್ಯಾಸ.

"ಎಂತ ಮಾಷ್ಟ್ರೇ, ಮಂತ್ರವಾ? ನಿಮ್ಮ ಪಾಪಕ್ಕೆ ದೇವಸ್ಥಾನದ ಭಟ್ರು ಬೇಕು."

ಸುಂದರನ ಮಾತಿಗೆ ಬಸ್ಸಿಡೀ ನಕ್ಕಿತು. ನಾನೂ ನಕ್ಕೆ. ಅಭ್ಯಾಸಬಲ.

ಲಾಡ್ಜಿನ ಜಗಲಿಯಲ್ಲಿ ಕ್ಯಾಮರಾ ಒರೆಸುತ್ತಿದ್ದಳು. ಕೈಮುಗಿದೆ. ಕಲಿತದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು — ಶುಭದಿನ, ಅಮ್ಮಾ, ನನ್ನ ಹಾಸಿಗೆ ಒದ್ದೆಯಾಗಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಒಳ್ಳೆಯ ಇಂಗ್ಲಿಷಿನಲ್ಲಿ, ಏನಾಗಬೇಕಿತ್ತು ಎಂದು ಕೇಳಿದಳು.

ಇಂಗ್ಲಿಷ್ ಬರುತ್ತಿತ್ತು ಅವಳಿಗೆ. ನನಗೂ ಬರುತ್ತದೆ.

ಕಾಗದ ಕೊಟ್ಟೆ. ಎರಡನೇ ಸಾಲಿಗೆ ಅವಳ ನಗು ನಿಂತಿತು.

ಬರೆದದ್ದು ಹಾಂಬುರ್ಗಿನ ಆಸ್ಪತ್ರೆಯ ಒಬ್ಬ ನರ್ಸ್. ಕಾಸಿಮನಿಗೆ ಎದೆಯ ಕಾಯಿಲೆ. ಹಡಗಿನವರು ಇಳಿಸಿಹೋಗಿದ್ದಾರೆ. ಅಲ್ಲಿಯ ಚಳಿಗಾಲ ಅವನು ತಡೆಯಲಾರ, ತಾಯಿಯ ಹತ್ತಿರ ಹೋಗಬೇಕೆಂದು ಅಳುತ್ತಾನೆ. 25-10ಕ್ಕೆ ಕೊಚ್ಚಿಗೆ ಹಡಗು ಹೊರಡುತ್ತದೆ. ಬಂದರಿನಲ್ಲಿ ಕರೆದುಕೊಳ್ಳಲು ಮನೆಯವರು ಬರುತ್ತಾರೆಂದು ಅದಕ್ಕೆ ಮೊದಲು ಜವಾಬು ಬಂದರೆ ಕ್ಯಾಪ್ಟನ್ ಹತ್ತಿಸಿಕೊಳ್ಳುತ್ತಾನೆ. ಬಾರದಿದ್ದರೆ ಇಲ್ಲ.

ಮೊದಲ ದಿನವೇ ಓದಲು ಬಂದದ್ದು ಆ ತಾರೀಕು ಒಂದೇ.

2-11-61

ಪುತ್ತೂರಿನಿಂದ ಆ ಆಸ್ಪತ್ರೆಗೆ ಇಂಗ್ಲಿಷಿನಲ್ಲಿ ತಂತಿ ಕೊಟ್ಟೆ. ಅಲ್ಲಿಂದ ನೇರ ಅಲೀಮಮ್ಮನ ಮನೆ.

"ನಾನು ಅವತ್ತು ಓದಿದ್ದು ಸುಳ್ಳು. ಕಾಸಿಂ ಆಸ್ಪತ್ರೆಯಲ್ಲಿದ್ದಾನೆ."

ನಕ್ಕರು! "ಹೋಗಿ ಮಾಷ್ಟ್ರೇ. ನನ್ನ ಆಡು ಸತ್ತಿದೆ ಅಂತ ಅಳಿಸಿದ್ದು ನೀವೇ ಅಲ್ಲವಾ? ಆಡು ನಿಮ್ಮ ಹಟ್ಟಿಯಲ್ಲಿತ್ತು."

"ಅಲ್ಲ ಅಲೀಮಮ್ಮ, ದೇವರಾಣೆ."

"ಆಗಲೂ ಆಣೆ ಹಾಕಿದ್ರಿ."

ಎಂತ ಹೇಳಿದರೂ ನಗು. ನಲವತ್ತು ವರ್ಷ ಈ ಊರಿಗೆ ಬಿತ್ತಿದ್ದು ಒಂದೇ ಬೀಜ, ಈಗ ಬೆಳೆ. ಕೊನೆಗೆ ಕನ್ನಡಕ ಹಾಕಿ ಕಾಗದ ಬಿಡಿಸಿದೆ. ಆ ಹೆಂಗಸು ಹೇಳಿದ್ದನ್ನು ಹಾಗೆಯೇ ಓದಲು ಶುರುಮಾಡಿದೆ. "ನಿಮ್ಮ ಮಗ ನಮ್ಮ ಆಸ್ಪತ್ರೆಯಲ್ಲಿ..."

ಅಲೀಮಮ್ಮನ ಕೈ ಮೇಲೆದ್ದಿತು.

"ಮಾಷ್ಟ್ರೇ. ಕ್ಷೇಮದ ಸಾಲು ಎಲ್ಲಿ?"

ಕನ್ನಡಕ ತೆಗೆದೆ.

ನಂಬಿದರು.

12-11-61

ತಂತಿಗೆ ಜವಾಬಿಲ್ಲ. ಹತ್ತು ದಿನ.

ಅಲೀಮಮ್ಮ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಬಂದು ಎದುರು ಕುಳಿತರು. "ನರ್ಸಮ್ಮನಿಗೆ ಅವರ ಭಾಷೆಯಲ್ಲೇ ಬರೀರಿ. ಅವನ ಕಿವಿಯ ಹತ್ತಿರ ಓದಲಿ."

"ಎಂತ ಬರೆಯುದು?"

"ಅದೂ ನಾನು ಹೇಳಿಕೊಡಬೇಕಾ? ಮೊದಲು ಬರೆಯುದೇ ಬರೀರಿ. ಇಲ್ಲಿ ಎಲ್ಲರೂ ಕ್ಷೇಮ. ಅವ ಹೆದರಬಾರದು."

ಹೋದರು. ಪುಸ್ತಕ ಬಿಡಿಸಿ ಕುಳಿತಿದ್ದೇನೆ. 'ಇಲ್ಲಿ' ಸಿಕ್ಕಿತು — ಹೀರ್. 'ಎಲ್ಲರೂ' ಸಿಕ್ಕಿತು — ಆಲ್ಲೆ. ಪೆಟ್ಟಿಗೆ ಉಂಟು, ಹಾಸಿಗೆ ಉಂಟು, ಕ್ಷೌರದ ಕತ್ತಿ ಉಂಟು. 'ಕ್ಷೇಮ' ಇನ್ನೂ ಸಿಕ್ಕಿಲ್ಲ. ಹೀರ್ ಸಿಂಡ್ ಆಲ್ಲೆ —