ಒಂದು ಬುಟ್ಟಿ ಮಣ್ಣು

ಸವಣೂರು, ೧೪ ನವೆಂಬರ್ ೨೦೨೪, ಗುರುವಾರ

ಬೆಳಿಗ್ಗೆ ಅಕ್ಕಿಆಲೂರಿನ ಬಸ್ಸು ಹತ್ತಲು ಕಾಲೇ ಏಳಲಿಲ್ಲ. ಹೋದ ವರ್ಷ ಅಲ್ಲಿ ತಂಗಿ ನೀಲಾಂಬಿಕಾ ಹೊಸ ವೀಳ್ಯದೆಲೆ ತೋಟ ಮಾಡಿದಾಗ, ನಮ್ಮ ತೋಟದ ಒಂದು ಬುಟ್ಟಿ ಮಣ್ಣು ಒಯ್ದು ಮೊದಲ ಸಾಲಿಗೆ ಸುರಿದವಳು ನಾನೇ. ಅವ್ವ ನನಗೂ ಹಾಗೆಯೇ ಕೊಟ್ಟಿದ್ದಳು. ಆ ಮಣ್ಣಿನಲ್ಲೇ ಬೇರುಗಂಟಿನ ಹುಳುಗಳಿದ್ದವು. ಕಣ್ಣಿಗೆ ಕಾಣದ ಆ ಪೀಡೆಗೆ ಅರಿಷಿಣ ಕುಂಕುಮ ಏರಿಸಿ ಹೊತ್ತೊಯ್ದಿದ್ದೆ ನಾನು! ಬಳ್ಳಿಗಳು ಹಳದಿಯಾಗಿ ಸೊರಗಿದವು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ನೀಲಾ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ನನ್ನ ಕೈ ಹಿಡಿದು ಆ ಮೊದಲ ಸಾಲಿಗೇ ಕರೆದೊಯ್ದಳು. ಬೇಸಿಗೆಯಲ್ಲಿ ಮಣ್ಣನ್ನು ಬಿಸಿಲಿಗೆ ಒಣಗಿಸಿ, ಬೇವಿನ ಹಿಂಡಿ ಹಾಕಿ, ನಡುನಡುವೆ ಹುಳು ತಡೆಯುವ ಚೆಂಡು ಹೂ ಹಚ್ಚಿದ್ದಾಳೆ. ಹೊಸ ಬಳ್ಳಿಯೊಂದರ ಬುಡವನ್ನು ಬೆರಳಿನಿಂದ ಮೆಲ್ಲಗೆ ಕೆದರಿದಳು. ಬೇರು ಬೆಳ್ಳಗೆ, ನುಣ್ಣಗೆ ಇತ್ತು.

“ಒಂದೂ ಗಂಟಿಲ್ಲ ನೋಡಕ್ಕಾ.”

“ಹುಳಾ ಎಲ್ಲಾ ಹೋದ್ವೇನ?”

“ಪೂರ್ತಿ ಹೋಗಂಗಿಲ್ಲಂತ. ಆದ್ರ ಬಳ್ಳಿ ಈಗ ತಡಕೊಂತಾವ.”

ಅಲ್ಲೇ ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಅವಳು ನಕ್ಕಳು, ಕಳ್ಳಿ.

ಹೊರಡುವಾಗ ಉಡಿ ತುಂಬಿದಳು. ಅಕ್ಕಿಯಲ್ಲ, ಚೆಂಡು ಹೂವಿನ ಬೀಜ.

“ಮಣ್ಣು ನಿನ್ನ ತ್ವಾಟದ್ದಲ್ಲೇನಕ್ಕಾ? ಹುಳಾ ಅಲ್ಲೂ ಇರ್ತಾವ. ಹಚ್ಚು.”

ನನ್ನ ಬಳ್ಳಿಯ ಬುಡ ಅಗೆದು ನೋಡಲು ಒಂದು ವರ್ಷದಿಂದ ಹೆದರುತ್ತಿದ್ದೇನೆಂದು ಅವಳಿಗೆ ಯಾರು ಹೇಳಿದರು? ಬೀಜದ ಗಂಟು ಇನ್ನೂ ಸೊಂಟದಲ್ಲೇ ಇದೆ, ಬಿಚ್ಚಿಲ್ಲ. ಬೆಳಗಾಗಲಿ. ಗುದ್ದಲಿ ಹಿಡಿದು ಮೊದಲ ಸಾಲಿನಿಂದಲೇ ಅಗೆದು ನೋಡುತ್ತೇನೆ.